ಚೆಂಡು, ಕುಳಿ ಮತ್ತು ನನ್ನ ಎಡಭುಜ

ಗಾಲ್ಫ್ ಆಡುತ್ತೇನೆ ಎಂದರೆ ಸಾಕು, ಕೇಳಿದವರು ಮೊದಲು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಆಮೇಲೆ ನಮ್ಮವರ ಸಂಬಳವನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಅದು ದೊಡ್ಡವರ ಆಟ, ದುಡ್ಡಿನವರ ಆಟ, ನಿವೃತ್ತ ಕರ್ನಲ್‌ಗಳು ಟೊಪ್ಪಿ ಹಾಕಿಕೊಂಡು ಆಡುವ ಆಟ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದೆ ಹುಟ್ಟಿದ್ದು ಬ್ರಿಟಿಷರಿಗಾಗಿ. ಕೋಲಾರದ ಚಿನ್ನದ ಗಣಿಗೆ ಬಂದ ಇಂಗ್ಲಿಷ್ ಇಂಜಿನಿಯರುಗಳು ಅಲ್ಲಿಯೂ ಒಂದು ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ದೊರೆಗಳು ಹೋದರು, ಮೈದಾನಗಳು ಉಳಿದವು. ಅವುಗಳ ಜೊತೆ ಒಂದಷ್ಟು ದೊರೆತನವೂ ಉಳಿಯಿತು.

ನನಗೆ ಈ ಆಟ ಗಂಟುಬಿದ್ದದ್ದು ದೊರೆತನದಿಂದಲ್ಲ, ಮಧ್ಯಾಹ್ನಗಳಿಂದ. ನಮ್ಮವರದು ಕಾಫಿ ಸಂಸ್ಕರಣೆಯ ಕೆಲಸ. ಮಲೆನಾಡಿನ ಅಂಚಿನ ಆ ಊರಿನಲ್ಲಿ ಟಾಕೀಸು ಒಂದು, ದೇವಸ್ಥಾನ ಮೂರು, ಒಂಬತ್ತು ಕುಳಿಗಳ ಗಾಲ್ಫ್ ಮೈದಾನ ಒಂದು. ಮಗಳು ಇಂಜಿನಿಯರಿಂಗ್ ಓದಲು ಹಾಸ್ಟೆಲ್ ಸೇರಿದ ವರ್ಷ, ಮಧ್ಯಾಹ್ನ ಎಂಬುದು ಎಷ್ಟು ಉದ್ದ ಇರುತ್ತದೆ ಎಂದು ನನಗೆ ಮೊದಲ ಸಲ ಗೊತ್ತಾಯಿತು. ನನಗಾಗ ನಲವತ್ತನಾಲ್ಕು. ಪಕ್ಕದ ಮನೆಯಾಕೆ, "ಆಡದಿದ್ದರೆ ಬೇಡ, ನಡೆಯೋದಕ್ಕಾದರೂ ಬನ್ನಿ" ಎಂದು ಕರೆದರು. ನಡೆಯಲು ಹೋದವಳು ಕೋಲು ಹಿಡಿದೆ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ನಮ್ಮ ಚಿನ್ನಿದಾಂಡಿಗೂ ಗೋಲಿಯಾಟಕ್ಕೂ ಮದುವೆ ಮಾಡಿಸಿದರೆ ಗಾಲ್ಫ್ ಆಗುತ್ತದೆ. ದೂರದಿಂದ ಬೀಸಿ ಹೊಡೆಯುವುದು ಚಿನ್ನಿದಾಂಡಿನ ಪಾಲು, ಹತ್ತಿರ ಬಂದಮೇಲೆ ಕುಳಿಗೆ ಉರುಳಿಸುವುದು ಗೋಲಿಯ ಪಾಲು. ಕುಳಿಯ ಬಾಯಿ ನಾಲ್ಕೂಕಾಲು ಇಂಚು ಅಗಲ. ಚೆಂಡು ನಮ್ಮ ದೊಡ್ಡ ನಿಂಬೆಹಣ್ಣಿನಷ್ಟು. ತೂಕ 46 ಗ್ರಾಂ ಮೀರುವಂತಿಲ್ಲ. ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಅಂಗಳಕ್ಕೆ ಗ್ರೀನ್ ಎಂದು ಹೆಸರು. ನಮ್ಮ ಊರಿನ ಬಡ ಮೈದಾನದಲ್ಲಿ ಆಗ ಹುಲ್ಲಿರಲಿಲ್ಲ, ಎಣ್ಣೆ ಬೆರೆಸಿದ ಮರಳು ಹರಡಿರುತ್ತಿತ್ತು. ಅದು ಗ್ರೀನ್ ಅಲ್ಲ, ಬ್ರೌನ್. ಚೆಂಡು ಉರುಳಿಸುವ ಮೊದಲು ಅದರ ಮೇಲೆ ಚಾಪೆಯಂಥದ್ದೊಂದನ್ನು ಎಳೆದು ಹೆಜ್ಜೆಗುರುತು ಅಳಿಸಬೇಕು. ಅಂಗಳ ಸಾರಿಸಿ ರಂಗೋಲಿಗೆ ಕೂರುವ ಹಾಗೆ. ಈ ಕೆಲಸದಲ್ಲಿ ನಾವು ಹೆಂಗಸರು ಮೊದಲ ದಿನದಿಂದಲೇ ನಿಷ್ಣಾತರು.

ಈಗ ಒಂದು ಲೆಕ್ಕ. ಹದಿನೆಂಟು ಕುಳಿಗಳ ಪೂರ್ಣ ಮೈದಾನಕ್ಕೆ ಸಾಮಾನ್ಯವಾಗಿ 72 ಹೊಡೆತ ಎಂದು ಗೊತ್ತುಮಾಡಿರುತ್ತಾರೆ. ಚೆನ್ನಾಗಿ ಆಡುವವರಿಗೆ ಇಷ್ಟು ಸಾಕು ಎಂಬ ಅಳತೆ ಅದು, ಪಾರ್ ಎನ್ನುತ್ತಾರೆ. ಆ ಅಳತೆಯಲ್ಲಿ ಪ್ರತಿ ಕುಳಿಯ ಗ್ರೀನಿನ ಮೇಲೆ ಎರಡೆರಡು ಹೊಡೆತಗಳನ್ನು ಎಣಿಸಿಯೇ ಇಟ್ಟಿರುತ್ತಾರೆ. ಎರಡು ಹದಿನೆಂಟಲಿ ಮೂವತ್ತಾರು. ಅಂದರೆ ಆಟದ ಅರ್ಧ ಪಾಲು ಕುಳಿಯ ಸುತ್ತ ಹತ್ತಿಪ್ಪತ್ತು ಹೆಜ್ಜೆಯೊಳಗೇ ನಡೆಯುತ್ತದೆ. ಹೊಸಬರು ಅಲ್ಲಿ ಎರಡರ ಬದಲು ಮೂರು ಹೊಡೆದರೆ ಅಲ್ಲಿಗೇ ಹದಿನೆಂಟು ಹೊಡೆತ ನಷ್ಟ. ಇಷ್ಟಾದರೂ ಯಾವ ಊರಿನ ಮೈದಾನಕ್ಕೆ ಬೇಕಾದರೂ ಸಂಜೆ ಹೋಗಿ ನೋಡಿ. ಉದ್ದ ಹೊಡೆತ ಅಭ್ಯಾಸ ಮಾಡುವ ಜಾಗದಲ್ಲಿ ಗಂಡಸರು ಸಾಲಾಗಿ ನಿಂತು ಕಟ್ಟಿಗೆ ಸೀಳುವವರಂತೆ ಬೀಸುತ್ತಿರುತ್ತಾರೆ. ಪಕ್ಕದ ಪುಟ್ಟ ಗ್ರೀನಿನ ಮೇಲೆ ಒಂದು ಕಾಗೆ ನಡೆದಾಡುತ್ತಿರುತ್ತದೆ.

ಈ ಮಾತು ನನಗೆ ತಲೆಗೆ ಹೋದದ್ದು ಪುಸ್ತಕದಿಂದಲ್ಲ, ಎಡಭುಜದಿಂದ.

ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಬೆನ್ನ ಹಿಂದೆ ಕೈ ಹೋಗಲಿಲ್ಲ. ಜಡೆ ಹಾಕಲು ಕೈ ಎತ್ತಿದರೆ ಕಿವಿಯ ಮಟ್ಟದಲ್ಲೇ ಯಾರೋ ಹಿಡಿದು ನಿಲ್ಲಿಸಿದಂತೆ. ಅಟ್ಟದ ಡಬ್ಬಿ, ನೆಲುವಿನ ಮೇಲಿನ ಬಟ್ಟೆ, ದೇವರ ಪಟದ ಹೂವು ಎಲ್ಲವೂ ಒಮ್ಮೆಲೇ ಒಂದು ಗೇಣು ಮೇಲಕ್ಕೆ ಹೋದವು. ಡಾಕ್ಟರು ಭುಜ ಹೆಪ್ಪುಗಟ್ಟಿದೆ ಎಂದರು. ನಲವತ್ತರಿಂದ ಅರವತ್ತರೊಳಗಿನ ಹೆಂಗಸರಲ್ಲಿ ಇದು ಹೆಚ್ಚು, ಸಕ್ಕರೆ ಕಾಯಿಲೆಯೋ ಥೈರಾಯ್ಡೋ ಇದ್ದವರಲ್ಲಿ ಇನ್ನೂ ಹೆಚ್ಚು. ನಿಧಾನವಾಗಿ ತಾನಾಗಿ ಬಿಟ್ಟುಕೊಳ್ಳುತ್ತದೆ, ಆದರೆ ಒಂದು ವರ್ಷವೂ ಆದೀತು, ಮೂರೂ ಆದೀತು ಎಂದರು. ಇದನ್ನು ಓದುತ್ತಿರುವವರಲ್ಲಿ ನಾಲ್ಕಾರು ಜನರಾದರೂ ಈಗ ತಮ್ಮ ಭುಜ ಮುಟ್ಟಿ ನೋಡಿಕೊಳ್ಳುತ್ತಿದ್ದೀರಿ ಎಂದು ನನಗೆ ಗೊತ್ತು.

ಜಡೆಯನ್ನು ಬೇರೆಯವರಿಂದ ಹಾಕಿಸಿಕೊಳ್ಳಬಹುದು. ಆದರೆ ವಾರಕ್ಕೆ ಎರಡು ದಿನ, ಮೂರು ಮೂರು ಗಂಟೆ, ಯಾರ ಅಮ್ಮನೂ ಯಾರ ಹೆಂಡತಿಯೂ ಯಾರ ಸೊಸೆಯೂ ಅಲ್ಲದೆ ಮರಗಳ ನಡುವೆ ನಡೆದಾಡುತ್ತಿದ್ದೆನಲ್ಲ, ಅದನ್ನು ಯಾರಿಂದ ಮಾಡಿಸಲಿ? ಆ ವೇಳೆಯನ್ನು ಸಂಪಾದಿಸಲು ನನಗೆ ಎಂಟು ವರ್ಷ ಹಿಡಿದಿತ್ತು. ಮನೆಯಲ್ಲಿ ಯಾರೂ ಬೇಡ ಎಂದವರಲ್ಲ. ಆದರೆ ಒಮ್ಮೆ ಬಿಟ್ಟ ವೇಳೆಯನ್ನು ಮನೆ ಹೇಗೆ ನುಂಗಿಕೊಳ್ಳುತ್ತದೆ ಎಂಬುದು ಗೃಹಿಣಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. "ಹೇಗೂ ನೀನು ಈಗ ಆಟಕ್ಕೆ ಹೋಗೋಲ್ವಲ್ಲ" ಎಂದು ಒಂದು ಮಾತು ಶುರುವಾದರೆ ಆಮೇಲೆ ಅದಕ್ಕೆ ಕೊನೆಯಿಲ್ಲ.

ಕೋಲಿನ ಚೀಲ ಹೊರುವ ಹುಡುಗರಿಗೆ ಕ್ಯಾಡಿ ಎನ್ನುತ್ತಾರೆ. ನಮ್ಮಲ್ಲಿದ್ದ ಕ್ಯಾಡಿ ಹುಡುಗನಲ್ಲ, ಅರವತ್ತರ ಮುದುಕ. ಸೋಮವಾರ ಮೈದಾನಕ್ಕೆ ರಜೆ ಇದ್ದಾಗ ಯಾರೋ ಬಿಟ್ಟುಹೋದ ಒಂದೇ ಒಂದು ಕೋಲಿನಿಂದ ಬರಿಗಾಲಲ್ಲಿ ಆಡಿ, ಹದಿನಾಲ್ಕು ಕೋಲಿನ ಸಾಹೇಬರನ್ನು ನಾಚಿಸುವಂಥ ಲೆಕ್ಕ ತರುತ್ತಿದ್ದವನು. ನಾನು ಕೋಲುಗಳನ್ನು ಮನೆಗೆ ಒಯ್ಯಲು ಹೋದ ದಿನ ಅವನು, "ಕೈ ಎತ್ತೋಕಾಗಲ್ವಾ ಅಮ್ಮಾ? ಎತ್ತದೆ ಆಡೋ ಆಟಾನೇ ಜಾಸ್ತಿ ಐತೆ, ಬನ್ನಿ" ಎಂದ. ಕುಳಿಯ ಪಕ್ಕ ಒಂದು ಮಾರು ದೂರದಲ್ಲಿ ಚೆಂಡಿಟ್ಟ. ಅಲ್ಲಿಂದ ಹತ್ತಕ್ಕೆ ಹತ್ತು ಬಿದ್ದಮೇಲೆಯೇ ಒಂದು ಹೆಜ್ಜೆ ಹಿಂದಕ್ಕೆ. ಹೀಗೆ ಎಂಟು ತಿಂಗಳು ನಾನು ಕುಳಿಯಿಂದ ಹಿಂದಕ್ಕೆ ನಡೆದೆ.

ಉರುಳಿಸುವ ಕೋಲಿನ ಹೆಸರು ಪಟರ್. ಅದನ್ನು ಮಣಿಕಟ್ಟಿನಿಂದ ಚುಚ್ಚಬಾರದು. ಎರಡು ತೋಳು, ಎರಡು ಭುಜ ಸೇರಿ ಒಂದು ಚೌಕಟ್ಟಾಗಿ ಗಡಿಯಾರದ ಲೋಲಕದಂತೆ ತೂಗಬೇಕು. ತಮಾಷೆ ನೋಡಿ, ಭುಜಕ್ಕೆಂದು ಡಾಕ್ಟರು ಹೇಳಿಕೊಟ್ಟ ಮೊದಲ ವ್ಯಾಯಾಮವೂ ಅದೇ ಜಾತಿಯದು. ಮೇಜು ಹಿಡಿದು ಮುಂದಕ್ಕೆ ಬಾಗಿ, ನೋವಿನ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಲೋಲಕದಂತೆ ಆಡಿಸುವುದು. ಬೆಳಿಗ್ಗೆ ಅಡಿಗೆಮನೆಯ ಕಟ್ಟೆ ಹಿಡಿದು ಅದು, ಸಂಜೆ ಪಟರ್ ಹಿಡಿದು ಇದು. ಯಾವುದು ಔಷಧಿ ಯಾವುದು ಆಟ ಎಂದು ಭುಜಕ್ಕೆ ಗೊತ್ತಾಗುತ್ತಿರಲಿಲ್ಲ. ನಿಮಗೂ ಇಂಥ ಭುಜವಿದ್ದರೆ ಡಾಕ್ಟರನ್ನು ಕೇಳಿಯೇ ಮಾಡಿ, ನನ್ನ ಮಾತು ಕೇಳಿ ಬೇಡ.

ಇಲ್ಲಿ ಹೊಸಬರು ಗಮನಿಸಬೇಕಾದದ್ದು ದಿಕ್ಕಿಗಿಂತ ದೂರವನ್ನು. ಕುಳಿಯ ಎಡಕ್ಕೋ ಬಲಕ್ಕೋ ಮೂರಡಿ ತಪ್ಪುವುದು ಅಪರೂಪ. ಆದರೆ ಆರಡಿ ಮೊದಲೇ ನಿಲ್ಲುವುದು, ಎಂಟಡಿ ದಾಟಿ ಓಡುವುದು ದಿನನಿತ್ಯದ ಕಥೆ. ದೂರದಿಂದ ಉರುಳಿಸುವಾಗ ಕುಳಿಗೇ ಬೀಳಿಸುವ ಆಸೆ ಬಿಟ್ಟು, ಕುಳಿಯ ಸುತ್ತ ಒಂದು ಮೊರದಗಲ ಜಾಗ ಇದೆ ಎಂದುಕೊಂಡು ಅದರೊಳಗೆ ನಿಲ್ಲಿಸಿ. ಎರಡನೆಯ ಹೊಡೆತ ತಾನಾಗಿ ಬೀಳುತ್ತದೆ. ಹತ್ತಿರದ ಹೊಡೆತದಲ್ಲಿ ತಲೆ ಎತ್ತಬೇಡಿ. ಚೆಂಡು ಬಿದ್ದದ್ದನ್ನು ಕಣ್ಣಿನಿಂದಲ್ಲ, ಕಿವಿಯಿಂದ ತಿಳಿಯಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಜಮಖಾನೆಯ ಮೇಲೆ ಒಂದು ಸ್ಟೀಲ್ ಲೋಟ ಅಡ್ಡ ಮಲಗಿಸಿದರೆ ಸಾಕು. ಲೋಟದ ಬಾಯಿ ಕುಳಿಗಿಂತ ಚಿಕ್ಕದು. ಅದಕ್ಕೆ ಒಗ್ಗಿದ ಕಣ್ಣಿಗೆ ಮೈದಾನದ ಕುಳಿ ಬಾವಿಯಷ್ಟು ಕಾಣುತ್ತದೆ.

ಆ ಎಂಟು ತಿಂಗಳಲ್ಲಿ ನಾನು ಓದಿದ ಒಂದು ಸಂಗತಿ ನನ್ನನ್ನು ನಗಿಸಿತು, ಸ್ವಲ್ಪ ಸಿಟ್ಟನ್ನೂ ತರಿಸಿತು. ಗಾಲ್ಫಿನ ತವರು ಎನಿಸಿಕೊಂಡ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ 1867ರಲ್ಲಿ ಹೆಂಗಸರದ್ದೇ ಒಂದು ಕ್ಲಬ್ಬು ಹುಟ್ಟಿತು. ಅವರಿಗೆ ಉರುಳಿಸುವ ಆಟ ಮಾತ್ರ. ಕೋಲನ್ನು ಭುಜಕ್ಕಿಂತ ಮೇಲೆ ಎತ್ತುವುದು ಕುಲೀನ ಸ್ತ್ರೀಗೆ ಶೋಭೆಯಲ್ಲ ಎಂಬುದು ಆ ಕಾಲದ ಅಭಿಪ್ರಾಯ. ದೊಡ್ಡ ಮೈದಾನದ ಪಕ್ಕದ ಏರುತಗ್ಗಿನ ತುಂಡುಭೂಮಿಯನ್ನು ಅವರಿಗೆ ಬಿಟ್ಟುಕೊಟ್ಟರು. ಅವರು ಅಲ್ಲಿಯೇ ಆಡಿದರು. ಆ ತುಂಡುಭೂಮಿಗೆ ಹಿಮಾಲಯ ಎಂದು ಹೆಸರು, ಇವತ್ತಿಗೂ ಇದೆ. ನಾಲ್ಕು ಕಾಸು ಕೊಟ್ಟು ಯಾರು ಬೇಕಾದರೂ ಹೋಗಿ ಉರುಳಿಸಬಹುದು. ಅದೇ ಊರಿನ ಹೆಸರಾಂತ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಒಪ್ಪಿಕೊಂಡದ್ದು 2014ರಲ್ಲಿ! ಅವರಿಗೆ ಸಮಾಜ ಭುಜ ಕಟ್ಟಿಹಾಕಿತ್ತು, ನನಗೆ ಭುಜವೇ ಭುಜ ಕಟ್ಟಿಹಾಕಿತ್ತು. ಆದರೆ ಕೊಟ್ಟದ್ದು ಆಟದ ಅರ್ಧಭಾಗ ಎಂಬುದು ಕೊಟ್ಟ ಗಂಡಸರಿಗೆ ಹೊಳೆದಿರಲಾರದು.

ಇರಲಿ. ಕುಳಿಯಿಂದ ಹಿಂದಕ್ಕೆ ನಡೆಯುತ್ತ ಗ್ರೀನಿನ ಅಂಚು ದಾಟಿದರೆ ಚಿಪ್ ಎಂಬ ಸಣ್ಣ ಹೊಡೆತ. ಚೆಂಡನ್ನು ಸ್ವಲ್ಪ ಹಾರಿಸಿ ಹೆಚ್ಚು ಉರುಳಿಸುವುದು. ಹೊಸದಾಗಿ ಕಲಿಯುವ ಹೆಂಗಸರಲ್ಲಿ ನಾನು ಕಂಡ ಒಂದು ಅಭ್ಯಾಸವಿದೆ. ಚೆಂಡಿನ ಅಡಿಗೆ ಕೋಲು ತೂರಿಸಿ ದೋಸೆ ಮಗುಚುವಂತೆ ಮೇಲೆತ್ತುತ್ತಾರೆ. ಇಪ್ಪತ್ತು ವರ್ಷದ ಕೈಚಳಕ, ಸುಮ್ಮನೆ ಹೋಗುತ್ತದೆಯೆ? ಆದರೆ ಚೆಂಡನ್ನು ಮೇಲೆತ್ತುವ ಕೆಲಸ ನಮ್ಮದಲ್ಲ, ಕೋಲಿನ ತಲೆಯ ಇಳಿಜಾರಿನದು. ಚೆಂಡು ಬಲಗಾಲಿನ ಕಡೆಗಿರಲಿ, ಮೈಭಾರ ಎಡಗಾಲಿನ ಮೇಲಿರಲಿ, ಕೈಗಳು ಚೆಂಡಿಗಿಂತ ಒಂದಿಷ್ಟು ಮುಂದಿರಲಿ, ಹೊಡೆತ ಕೆಳಮುಖವಾಗಿರಲಿ. ಚೆಂಡು ತಾನೇ ಏಳುತ್ತದೆ. ಎಡಗೈಯವರು ಇದನ್ನು ತಿರುವಿ ಓದಿಕೊಳ್ಳಬೇಕು.

ಮರಳುಗುಂಡಿಗೆ ಬಿದ್ದ ಚೆಂಡಿನದು ಇನ್ನೊಂದು ಬಗೆ. ಅಲ್ಲಿ ಚೆಂಡನ್ನು ಹೊಡೆಯಲೇ ಕೂಡದು. ಎರಡಿಂಚು ಹಿಂದಿನ ಮರಳನ್ನು ಹೊಡೆಯಬೇಕು. ಆ ಮರಳು ಚೆಂಡನ್ನು ಹೊತ್ತು ಹೊರಗೆ ಹಾಕುತ್ತದೆ. ಸಸಿಯನ್ನು ಬುಡದ ಮಣ್ಣಿನ ಸಮೇತ ಎತ್ತುತ್ತೇವಲ್ಲ, ಹಾಗೆ. ಕೈತೋಟ ಮಾಡಿದವರಿಗೆ ಇದು ಬೇಗ ಬರುತ್ತದೆ, ನಂಬಿ. ಹೆದರಿ ಅರ್ಧಕ್ಕೇ ಕೈ ನಿಲ್ಲಿಸಿದರೆ ಮಾತ್ರ ಚೆಂಡು ಅಲ್ಲೇ ಕೂತು ಮುಖ ನೋಡುತ್ತದೆ.

ಹದಿನಾಲ್ಕನೆಯ ತಿಂಗಳ ಹೊತ್ತಿಗೆ ಭುಜ ಬಿಟ್ಟುಕೊಳ್ಳತೊಡಗಿತು. ಪೂರ್ತಿ ಅಲ್ಲ, ಮುಕ್ಕಾಲು. ಮುಕ್ಕಾಲು ಭುಜಕ್ಕೆ ಮುಕ್ಕಾಲು ಬೀಸು. ಚೆಂಡು ಮೊದಲಿಗಿಂತ ಇಪ್ಪತ್ತು ಗಜ ಹಿಂದೆ ಬೀಳುತ್ತಿತ್ತು, ಅದು ಈಗಲೂ ಹಾಗೆಯೇ. ಆದರೆ ಹೆಚ್ಚಾಗಿ ನೇರ ಹೋಗುತ್ತಿತ್ತು, ಪೊದೆಯಲ್ಲಿ ಹುಡುಕುವ ಕೆಲಸ ತಪ್ಪಿತು. ಕಳೆದುಹೋದ ಚೆಂಡು ಹುಡುಕಲು 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ಮೊದಲ ತಿಂಗಳ ಲೆಕ್ಕ ಕೂಡಿಸಿದಾಗ ಭುಜ ಹಿಡಿದುಕೊಳ್ಳುವ ಮೊದಲಿಗಿಂತ ಆರು ಹೊಡೆತ ಕಡಿಮೆಯಿತ್ತು. ಕ್ಯಾಡಿ ಮುದುಕ ಏನೂ ಹೇಳಲಿಲ್ಲ. ಎಲೆಯಡಿಕೆ ಉಗಿದು ಬಂದು ಚೀಲ ಎತ್ತಿಕೊಂಡ.

ಇದೆಲ್ಲ ಸಣ್ಣ ಊರಿನ ಸಮಾಧಾನ ಎನ್ನುವವರಿಗೆ 2021ರ ಆಗಸ್ಟ್ ನೆನಪಿಸುತ್ತೇನೆ. ಟೋಕಿಯೋ ಒಲಿಂಪಿಕ್ಸಿನ ಕೊನೆಯ ಸುತ್ತು ನೋಡಲು ಗಾಲ್ಫ್ ಎಂದರೇನೆಂದೇ ಗೊತ್ತಿಲ್ಲದವರೂ ಬೆಳಗಿನ ಜಾವಕ್ಕೆ ಎದ್ದು ಟಿ.ವಿ. ಮುಂದೆ ಕೂತಿದ್ದರು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್, ಇಪ್ಪತ್ತಮೂರು ವರ್ಷ, ಜಗತ್ತಿನ ಪಟ್ಟಿಯಲ್ಲಿ ಇನ್ನೂರನೆಯವಳು, ಮೂರು ದಿನದ ಆಟದ ಕೊನೆಗೆ ಎರಡನೆಯ ಸ್ಥಾನದಲ್ಲಿದ್ದಳು. ಆ ವರ್ಷವೇ ಕೋವಿಡ್ ಬಂದು ಹೋಗಿ ಮೈಯಲ್ಲಿ ತ್ರಾಣ ಕಡಿಮೆಯಾಗಿತ್ತು. ಜೊತೆಯ ಅಮೆರಿಕದ ನೆಲ್ಲಿ ಕೊರ್ಡಾಳ ಚೆಂಡು ಈಕೆಯದಕ್ಕಿಂತ ಎಷ್ಟೋ ಗಜ ಮುಂದೆ ಬೀಳುತ್ತಿತ್ತು. ಉದ್ದ ಹೊಡೆಯುವವರ ಸಾಲಿನಲ್ಲಿ ಅದಿತಿ ತೀರ ಹಿಂದೆ. ಆದರೂ ಗ್ರೀನಿನ ಮೇಲೆ ಬಂದ ಕೂಡಲೇ ಆ ಅಂತರ ಕರಗಿಹೋಗುತ್ತಿತ್ತು; ಅಂಥ ಪಟಿಂಗ್. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೆಯವಳಾದಳು. ಚೀಲ ಹೊತ್ತು ಪಕ್ಕದಲ್ಲಿ ನಡೆದ ಕ್ಯಾಡಿ ಯಾರು ಗೊತ್ತೆ? ಅವಳ ತಾಯಿ. ಆ ಬೆಳಿಗ್ಗೆ ಟಿ.ವಿ. ಮುಂದೆ ನಾನು ಹೆಚ್ಚಾಗಿ ನೋಡಿದ್ದು ಮಗಳನ್ನಲ್ಲ, ಆ ತಾಯಿಯನ್ನು. ಚೀಲದ ಭಾರ ನನಗೆ ಗೊತ್ತು.

ತಾಯಿಯ ಮಾತು ಬಂದಮೇಲೆ ಗಂಡಂದಿರ ಮಾತೂ ಬರಲಿ. ಗಂಡನಿಂದ ಗಾಲ್ಫ್ ಕಲಿಯಬೇಡಿ. ಕಾರು ಬಿಡುವುದನ್ನು ಗಂಡನಿಂದ ಕಲಿತವರಿಗೆ ಕಾರಣ ಹೇಳಬೇಕಾಗಿಲ್ಲ. ನಮ್ಮ ಗುಂಪಿನ ಒಬ್ಬಾಕೆ ಬ್ಯಾಂಕಿನಿಂದ ನಿವೃತ್ತರಾಗಿ ಎಷ್ಟೋ ಆಸೆಯಿಂದ ಬಂದರು. ಪ್ರತಿ ಹೊಡೆತಕ್ಕೂ ಯಜಮಾನರ ವ್ಯಾಖ್ಯಾನ: ಮೊಣಕಾಲು ಬಗ್ಗಿಸು, ತಲೆ ತಗ್ಗಿಸು, ಎಡಗೈ ನೆಟ್ಟಗಿರಲಿ, ಉಸಿರು ಬಿಡು. ನಾಲ್ಕು ತಿಂಗಳಿಗೆ ಆಕೆ ಚೆಂಡಿನ ಮುಂದೆ ನಿಂತರೆ ಲಾಕರಿನ ಎರಡನೆಯ ಕೀಲಿ ಮರೆತವರಂತೆ ಕಲ್ಲಾಗುತ್ತಿದ್ದರು. ನಾವು ಅವರಿಗೆ ನಿಯಮಪುಸ್ತಕದ 10.2ನೆಯ ನಿಯಮ ತೋರಿಸಿದೆವು. ಸ್ಪರ್ಧೆಯಲ್ಲಿ ಆಡುವಾಗ ಒಬ್ಬ ಆಟಗಾರ ಇನ್ನೊಬ್ಬರಿಗೆ ಹೇಗೆ ಹೊಡೆಯಬೇಕೆಂದು ಸಲಹೆ ಕೊಡುವಂತಿಲ್ಲ. ಇಬ್ಬರೂ ಒಂದೇ ಜೋಡಿಯಾಗಿ ಆಡುತ್ತಿದ್ದರೆ ಮಾತ್ರ ಕೊಡಬಹುದು. ತಪ್ಪಿದರೆ ಸಲಹೆ ಕೊಟ್ಟವರಿಗೇ ಎರಡು ಹೊಡೆತದ ದಂಡ. ಪಾಪ, ಯಜಮಾನರು ಲೆಕ್ಕದ ಮನುಷ್ಯ. ಮುಂದಿನ ಸ್ಪರ್ಧೆಯಲ್ಲಿ ಬಾಯಿಗೆ ಏಲಕ್ಕಿ ಹಾಕಿಕೊಂಡು ನಡೆದರು. ಸಂಸಾರಕ್ಕೂ ಇಂಥದೊಂದು ನಿಯಮಪುಸ್ತಕ ಇದ್ದಿದ್ದರೆ!

ಅವರು ಬಿಟ್ಟ ಹಳೆಯ ಕೋಲುಗಳನ್ನೂ ತೆಗೆದುಕೊಳ್ಳಬೇಡಿ. ಗಂಡಸರ ಕೋಲು ಉದ್ದ, ಭಾರ, ದಂಡ ಬಿರುಸು. ಹೆಂಗಸರಿಗೆಂದು ಮಾಡಿದ್ದು ಹಗುರವಾಗಿ, ಬಳುಕುವಂತಿರುತ್ತದೆ. ಹದಿನಾಲ್ಕರವರೆಗೆ ಇಟ್ಟುಕೊಳ್ಳಬಹುದು ಎಂಬುದು ಮಿತಿ, ಕಟ್ಟಳೆಯಲ್ಲ. ಏಳು ಸಾಕು. ಬಿಗಿಯಾಗಿ ಹಿಡಿಯಬೇಡಿ. ಕಡಗೋಲಿನ ಹಗ್ಗವನ್ನು ಹಿಸುಕಿ ಹಿಡಿದರೆ ಮಜ್ಜಿಗೆ ಕಡೆಯಲಾದೀತೆ? ಹಾಗೆಯೇ ಇದು. ಹೆಂಗಸರಿಗೆ ಮುಂದಿನ ಗುರುತಿನಿಂದ ಆಡುವ ಅವಕಾಶವಿದ್ದರೆ ಸಂಕೋಚಪಡದೆ ಅಲ್ಲಿಂದಲೇ ಹೊಡೆಯಿರಿ. ಎದುರಿಗೆ ಕೆರೆಯಿದ್ದರೆ ದಾಟಿಸುವ ಶೌರ್ಯ ಬೇಡ, ಈಚೆ ದಡದಲ್ಲಿ ನಿಲ್ಲಿಸಿ. ಆಟ ಬರುವುದಿಲ್ಲ ಎಂಬ ಹಿಂಜರಿಕೆಗೂ ಮದ್ದಿದೆ. ಹ್ಯಾಂಡಿಕ್ಯಾಪ್ ಎಂದು ಕಲಿಯುವವರಿಗೆ ಕೊಡುವ ರಿಯಾಯಿತಿ ಹೊಡೆತಗಳುಂಟು. 2020ರಲ್ಲಿ ಬಂದ ಜಾಗತಿಕ ಪದ್ಧತಿಯಲ್ಲಿ ಅದು 54ರವರೆಗೆ ಇರಬಹುದು, ಗಂಡಿಗೂ ಹೆಣ್ಣಿಗೂ ಒಂದೇ. ಆ ಲೆಕ್ಕದಲ್ಲಿ ನೀವು ನಿಮ್ಮ ಕ್ಲಬ್ಬಿನ ಅತಿರಥರ ಜೊತೆಗೂ ಸಮನಾಗಿ ಸ್ಪರ್ಧಿಸಬಹುದು. ಬಟ್ಟೆಯ ಚಿಂತೆ ಮಾಡಬೇಡಿ. ನಾನು ಚೂಡಿದಾರಿನ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಹೊಡೆಯುತ್ತೇನೆ. ಇದುವರೆಗೆ ಯಾವ ಚೆಂಡೂ ಆಕ್ಷೇಪಿಸಿಲ್ಲ.

ವೇಳೆಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಠಿಣ. ನಾನು ಆಡಿದ ಒಂದು ಕ್ಲಬ್ಬಿನಲ್ಲಿ, ಹೆಸರು ಬೇಡ, ಭಾನುವಾರ ಬೆಳಿಗ್ಗೆ ಗಂಡಸರೆಲ್ಲ ಹೊರಟಮೇಲೆಯೇ ಹೆಂಗಸರ ಸರದಿ ಎಂದು ಬರೆದಿಡದ ಕಾನೂನೊಂದಿತ್ತು. ಸರಿ ಎಂದು ನಾವು ಗುರುವಾರ ಬೆಳಿಗ್ಗೆಯನ್ನು ಹಿಡಿದೆವು, ಬಿಡಲಿಲ್ಲ. ಅಭ್ಯಾಸಕ್ಕೆ ಅರ್ಧ ಗಂಟೆ ಸಿಕ್ಕಿದರೆ ಇಪ್ಪತ್ತು ನಿಮಿಷ ಉರುಳಿಸಲು ಮತ್ತು ಚಿಪ್ಪಿಗೆ, ಹತ್ತು ನಿಮಿಷ ಬೀಸಲು. ಮೈದಾನಕ್ಕೆ ಹೋಗಲಾಗದ ದಿನ ಲೋಟ ಇದ್ದೇ ಇದೆ.

ನಮ್ಮ ಗುರುವಾರದ ಗುಂಪಿಗೆ ಕಳೆದ ತಿಂಗಳು ಹೊಸಬರೊಬ್ಬರು ಸೇರಿದ್ದಾರೆ. ನಿವೃತ್ತ ಹೆಡ್‌ಮಿಸ್ಟ್ರೆಸ್, ಅರವತ್ತೊಂದು ವರ್ಷ, ಬಲ ಮೊಣಕಾಲು ಅಷ್ಟಕ್ಕಷ್ಟೆ. ಅವರಿಗೆ ಇನ್ನೂ ಉದ್ದ ಕೋಲು ಕೊಟ್ಟಿಲ್ಲ. ಪಟರ್ ಒಂದನ್ನು ಮನೆಗೆ ಒಯ್ದಿದ್ದಾರೆ. ಊಟವಾದಮೇಲೆ ಹಜಾರದಲ್ಲಿ ಲೋಟ ಮಲಗಿಸಿ ಉರುಳಿಸುತ್ತಾರಂತೆ. ನಾಲ್ಕು ವರ್ಷದ ಮೊಮ್ಮಗ ಲೋಟದ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು, ತಪ್ಪಿದ ಚೆಂಡನ್ನೆಲ್ಲ ಕೈಯಿಂದ ಎತ್ತಿ ಲೋಟದೊಳಗೆ ಹಾಕಿಬಿಡುತ್ತಾನಂತೆ. ಇದನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಅವರು ಹೋದ ಗುರುವಾರ ನನ್ನನ್ನು ಕೇಳಿದರು.